ಸ್ವೀಡನ್ನಿನ ಮೃತ್ಯುಪತ್ರ, ಬೆಳಗಾವಿಯ ವಾಟ್ನಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಡೆತ್ ಮೆಟಲ್ ಎಂಬ ಗಡುಸು ರಾಕ್ ಸಂಗೀತದ ಬಗ್ಗೆ ಬಂದ ಬರಹ ಓದಿದೆ. ಮೊದಲು ಖುಷಿಯಾಯಿತು. ಕನ್ನಡ ಪೇಪರಿನಲ್ಲಿ ಈ ಎರಡು ಪದ ಒಟ್ಟಿಗೆ ನೋಡಿ ಎಷ್ಟು ವರ್ಷ ಆಗಿತ್ತೋ. ಎರಡನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ಕೈಯಲ್ಲಿದ್ದ ಚಹಾ ಆರಿಹೋಯಿತು. ಹಾಡಲ್ಲವಂತೆ, ಹಂದಿ ಕೂಗಿದ ಹಾಗಂತೆ. ಸಾವು ಹೆಣ ಬಿಟ್ಟರೆ ಬೇರೆ ವಿಷಯವೇ ಇಲ್ಲವಂತೆ. ಕುಮಾರ ಗಂಧರ್ವರು ಹುಟ್ಟಿದ ಜಿಲ್ಲೆಯ ಹುಡುಗರು ಕಿವಿಗೆ ವೈರು ಸಿಕ್ಕಿಸಿಕೊಂಡು ಇದನ್ನು ಕೇಳುತ್ತಾರಲ್ಲ ಅಂತ ಬರೆದವರಿಗೆ ನಾಚಿಕೆಯಂತೆ. ಅಷ್ಟುದ್ದ ಬರಹದಲ್ಲಿ ಒಂದೇ ಒಂದು ಆಲ್ಬಮ್ಮಿನ ಹೆಸರಿಲ್ಲ, ಒಂದು ಬ್ಯಾಂಡಿನ ಹೆಸರಿಲ್ಲ. ಊಟ ಮಾಡದೆ ಉಪ್ಪು ಜಾಸ್ತಿ ಅಂದ ಹಾಗಾಯಿತು.

ನಾನು ಹುಡುಗನಲ್ಲ. ವಯಸ್ಸು 45. ಸಬ್ ರಜಿಸ್ಟ್ರಾರ್ ಕಚೇರಿಯ ಹತ್ತಿರ ಒಂದು ಟೇಬಲ್ಲು, ಎರಡು ಕುರ್ಚಿ, ಒಂದು ಪ್ರಿಂಟರ್ ಇಟ್ಟುಕೊಂಡು ಖರೀದಿಪತ್ರ, ವಾಟ್ನಿಪತ್ರ (ಆಸ್ತಿ ಪಾಲಿನ ಕಾಗದ), ಮೃತ್ಯುಪತ್ರ ಬರೆದುಕೊಡುವವನು. ಈ ಕೆಲಸಕ್ಕೆ ಬಂದು 22 ವರ್ಷವಾಯಿತು. ಡೆತ್ ಮೆಟಲ್ ಕೇಳಲು ಶುರು ಮಾಡಿದ್ದು ಅದಕ್ಕಿಂತ ಮೊದಲೇ. ನಮ್ಮಪ್ಪ ಉದ್ಯಮಬಾಗದಲ್ಲಿ ಫೌಂಡ್ರಿ ಕೆಲಸಗಾರ. ಮೆಟಲ್ ಅಂದರೆ ಅವರಿಗೆ ಬೀಡು, ಕರಗಿಸಿ ಅಚ್ಚಿಗೆ ಸುರಿಯುವುದು. ನಾನು ಬೇರೆ ಮೆಟಲ್ ಕೇಳುತ್ತೇನೆ ಅಂದಾಗ, ಸಂಬಳ ಎಷ್ಟು ಕೊಡ್ತಾರ ಅಂತ ಕೇಳಿದ್ದರು.

ವಿಷಯಕ್ಕೆ ಬರುತ್ತೇನೆ. 2024ರ ನವೆಂಬರ್ 22ಕ್ಕೆ ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದ ಓಪೆತ್ ಎಂಬ ಬ್ಯಾಂಡ್ ತನ್ನ 14ನೇ ಆಲ್ಬಂ ತಂದಿತು. ಹೆಸರು ‘ದಿ ಲಾಸ್ಟ್ ವಿಲ್ ಆಂಡ್ ಟೆಸ್ಟಮೆಂಟ್’. ಕನ್ನಡದಲ್ಲಿ ಹೇಳಬೇಕೆಂದರೆ ಮೃತ್ಯುಪತ್ರ. ನನ್ನ ಹೊಟ್ಟೆಪಾಡಿನ ಕಾಗದವೇ ಆಲ್ಬಮ್ಮಿನ ಹೆಸರಾಗಿ ಬಂದರೆ ಬಿಡಲಿಕ್ಕಾಗುತ್ತಾ? ಅವತ್ತು ರಾತ್ರಿ ಹೆಂಡತಿ ಮಕ್ಕಳು ಮಲಗಿದ ಮೇಲೆ ಅಡುಗೆಮನೆಯಲ್ಲಿ ಕೂತು ಪೂರ್ತಿ ಕೇಳಿದೆ. ಸುಮಾರು 51 ನಿಮಿಷ. ಆಮೇಲೆ ಇನ್ನೊಂದು ಸಲ ಕೇಳಿದೆ.

ಒಟ್ಟು 8 ಹಾಡು. ಮೊದಲ ಏಳಕ್ಕೆ ಹೆಸರೇ ಇಲ್ಲ. ಕಾನೂನು ಪುಸ್ತಕದಲ್ಲಿ ಕಲಂ ಅಂತ ತೋರಿಸಲು ಹಾಕುತ್ತಾರಲ್ಲ, ಒಂದರ ಮೇಲೊಂದು ಕೂತ ಎರಡು ಎಸ್ ಅಕ್ಷರದ ಗುರುತು, ಅದನ್ನು ಹಾಕಿ ಪಕ್ಕದಲ್ಲಿ ನಂಬರು. ಕಲಂ 1, ಕಲಂ 2, ಹೀಗೆ ಕಲಂ 7ರ ತನಕ. ಎಂಟನೆಯದಕ್ಕೆ ಮಾತ್ರ ಹೆಸರಿದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಕಥೆ ಮೊದಲ ಮಹಾಯುದ್ಧ ಮುಗಿದ ನಂತರದ ಕಾಲದ್ದು. ದೊಡ್ಡ ವಾಡೆಯಂಥ ಮನೆ. ಯಜಮಾನ ಸತ್ತಿದ್ದಾನೆ. ಗಟ್ಟಿ ಕುಳ, ಹಳೆಯ ಕಾಲದ ಮನುಷ್ಯ. ಅವನ ಮೃತ್ಯುಪತ್ರ ಓದಲು ಎಲ್ಲರೂ ಸೇರಿದ್ದಾರೆ. ಅವಳಿ ಮಕ್ಕಳು ಬಂದು ಕೂತಿದ್ದಾರೆ. ಜೊತೆಗೆ ಪೋಲಿಯೊ ಆದ ಒಬ್ಬ ಹುಡುಗಿ. ಅನಾಥೆ ಅಂತ ಹೇಳಿ ಆ ಮನೆಯಲ್ಲಿ ಸಾಕಿದ ಹುಡುಗಿ. ಇವಳಿಗೆ ಇಲ್ಲೇನು ಕೆಲಸ ಅಂತ ಅವಳಿಗಳ ಮುಖ ಗಂಟಾಗುತ್ತದೆ. ಕಾಗದ ಓದುತ್ತಾ ಹೋದ ಹಾಗೆ ಒಂದೊಂದೇ ಗುಟ್ಟು ಹೊರಗೆ ಬೀಳುತ್ತದೆ. ಅವಳಿಗಳು ಆ ಮನುಷ್ಯನ ರಕ್ತದವರಲ್ಲ. ಹುಡುಗಿ ಅನಾಥೆಯಲ್ಲ, ಮನೆಗೆಲಸದವಳಲ್ಲಿ ತನಗೆ ಹುಟ್ಟಿದವಳು ಅಂತ ಅವನೇ ಬರೆದಿಟ್ಟಿದ್ದಾನೆ. ಆಸ್ತಿಯೆಲ್ಲ ಆ ಹುಡುಗಿಗೆ.

ಇದರಲ್ಲಿ ವಿದೇಶದ್ದು ಅನ್ನುವಂಥದ್ದು ಏನಿದೆ ಹೇಳಿ. ನನ್ನ ಟೇಬಲ್ಲಿನ ಮುಂದೆ ತಿಂಗಳಿಗೆ ಎರಡಾದರೂ ಇಂಥ ಕಥೆ ಬರುತ್ತವೆ. ಬೈಲಹೊಂಗಲದ ಕಡೆಯ ಕರಿಮಣ್ಣಿನ ಹೊಲ, ಸವದತ್ತಿ ಕಡೆಯ ಹೊಲ, ಶಹಾಪುರದ ಗಲ್ಲಿಯ ಹಳೇ ಮನೆಯ ಒಂದೂವರೆ ಖೋಲಿ. ಅಪ್ಪ ಇರುವ ತನಕ ಎಲ್ಲರೂ ಒಂದೇ ತಾಟಿನಲ್ಲಿ ಉಣ್ಣುತ್ತಾರೆ. ಹದಿಮೂರನೇ ದಿನ ಮುಗಿಯುತ್ತಲೇ ಉತಾರ, ಅಂದರೆ ಆಸ್ತಿಯ ದಾಖಲೆ, ತೆಗೆಸಿಕೊಂಡು ಬರುತ್ತಾರೆ. ವಾರಸಾ ಹಚ್ಚುವಾಗ ಯಾರ ಹೆಸರು ಬರೆಸಬೇಕು, ಯಾರದ್ದು ಬಿಡಬೇಕು ಅಂತ ನನ್ನ ಎದುರಿಗೇ ಕಣ್ಣಲ್ಲಿ ಮಾತಾಡಿಕೊಳ್ಳುತ್ತಾರೆ. ನಾನು ಪ್ರಿಂಟರಿನ ಕಡೆ ನೋಡುತ್ತಿರುತ್ತೇನೆ.

ಈಗ ಆ ದನಿಯ ವಿಷಯ. ಹಂದಿ ಅಂದರಲ್ಲ, ಅದಕ್ಕೆ ಉತ್ತರ ಕೊಡಬೇಕು. ಓಪೆತ್ ಬ್ಯಾಂಡಿನ ಹಾಡುಗಾರ ಮಿಕಾಯೆಲ್ ಓಕರ್‌ಫೆಲ್ಟ್. ಹಾಡು ಬರೆಯುವವರೂ ಅವರೇ. ಅವರಿಗೆ ಎರಡು ಗಂಟಲು. ಒಂದು ಎಲ್ಲರಂತೆ ಹಾಡುವುದು, ಮೆತ್ತಗೆ, ಎಣ್ಣೆ ಸವರಿದ ಹಾಗೆ. ಇನ್ನೊಂದು ಗ್ರೌಲ್, ಅಂದರೆ ಹೊಟ್ಟೆಯೊಳಗಿನಿಂದ ಗುಡುಗುವುದು. 1995ರ ಮೊದಲ ಆಲ್ಬಮ್ಮಿನಿಂದ 2008ರ ‘ವಾಟರ್‌ಶೆಡ್’ ತನಕ ಎರಡನ್ನೂ ಬಳಸಿದರು. 2011ರಿಂದ ಗ್ರೌಲ್ ಬಿಟ್ಟುಬಿಟ್ಟರು. 2011, 2014, 2016, 2019, ನಾಲ್ಕು ಆಲ್ಬಮ್ಮಿನಲ್ಲಿ ಬರೀ ಮೆತ್ತನೆಯ ದನಿ. ವೇದಿಕೆ ಮೇಲೆ ಹಳೆಯ ಹಾಡುಗಳಿಗೆ ಗುಡುಗುತ್ತಿದ್ದರು, ಆದರೆ ಹೊಸ ಹಾಡಿನಲ್ಲಿ ಇಲ್ಲ. ನನ್ನಂಥವರು ಬೈದುಕೊಂಡೇ ಕೇಳಿದೆವು. 16 ವರ್ಷದ ಮೇಲೆ ಈ ಆಲ್ಬಮ್ಮಿನಲ್ಲಿ ಅದು ವಾಪಸ್ ಬಂತು.

ಸುಮ್ನೆ ಬಂದಿಲ್ಲ, ಅದೇ ಇಲ್ಲಿನ ಮಜಾ. ಆ ಗುಡುಗು ಸತ್ತ ಯಜಮಾನನ ದನಿ. ಮೃತ್ಯುಪತ್ರದಲ್ಲಿ ಅವನ ಮಾತು ಬಂದಾಗ ಗಂಟಲು ಬದಲಾಗುತ್ತದೆ. ಯೋಚನೆ ಮಾಡಿ, ಮೃತ್ಯುಪತ್ರ ಅಂದರೆ ಏನು? ಬರೆದವನು ಬದುಕಿರುವ ತನಕ ಅದಕ್ಕೆ ಕಿಮ್ಮತ್ತಿಲ್ಲ, ಬೇಕಾದಾಗ ಹರಿದು ಬೇರೆ ಬರೆಯಬಹುದು. ಅವನು ಸತ್ತ ಗಳಿಗೆಯಿಂದ ಅದಕ್ಕೆ ಜೀವ ಬರುತ್ತದೆ. ಎದುರು ಮಾತಾಡೋಣ ಅಂದರೆ ಮನುಷ್ಯನೇ ಇಲ್ಲ. ಅಂಥವನ ದನಿ ಹೇಗಿರಬೇಕಿತ್ತು? ಭಾವಗೀತೆಯ ಹಾಗೆ ಇರಬೇಕಿತ್ತೇ? ಎಷ್ಟೋ ಸಲ ನಾನೇ ಕಕ್ಷಿದಾರರ ಎದುರು ಅಂಥ ಕಾಗದ ಓದಿದ್ದೇನೆ. ‘ನನ್ನ ಹಿರಿಯ ಮಗನು ನನ್ನನ್ನು ಜೋಪಾನ ಮಾಡಿಲ್ಲವಾದ್ದರಿಂದ’ ಅನ್ನುವ ಸಾಲು ಬಂದಾಗ ಕೋಣೆಯಲ್ಲಿ ಏನಾಗುತ್ತದೆ ಅಂತ ನನಗೆ ಗೊತ್ತು. ನಾನು ಮೆತ್ತಗೇ ಓದಿರುತ್ತೇನೆ. ಆ ಮಗನಿಗೆ ಕೇಳಿಸುವುದು ಗುಡುಗೇ.

ಗ್ರೌಲ್ ಅಂದರೆ ಗಂಟಲು ಹರಿದುಕೊಳ್ಳುವುದಲ್ಲ. ನಮ್ಮ ಸ್ವರತಂತುಗಳ ಮೇಲೆ ಇನ್ನೊಂದು ಜೋಡಿ ಮಡಿಕೆಗಳಿರುತ್ತವೆ, ಸುಳ್ಳು ಸ್ವರತಂತು ಅಂತಾರೆ. ಹೊಟ್ಟೆಯಿಂದ ಉಸಿರು ಕೊಟ್ಟು ಅವನ್ನು ನಡುಗಿಸಬೇಕು. ಕಲಿಯಲು ವರ್ಷಗಟ್ಟಲೆ ಬೇಕು. ಇದು ಹೊರಗಿನದು, ನಮ್ಮದಲ್ಲ ಅನ್ನುವವರು ರಾಮದುರ್ಗ ತಾಲೂಕಿನ ಗೊಡಚಿಗೆ ಹೋಗಿ ವೀರಭದ್ರನ ಜಾತ್ರೆ ನೋಡಬೇಕು. ಪುರವಂತರು ಕತ್ತಿ ಹಿಡಿದು ‘ಆಹಾಹಾ ರುದ್ರಾ’ ಅಂತ ಒಡಪು ಶುರು ಮಾಡಿದರೆ ಕಂಕುಳಲ್ಲಿನ ಕೂಸು ಬೆಚ್ಚಿಬೀಳುತ್ತದೆ. ಅದನ್ನು ಯಾರೂ ಹಂದಿ ಕೂಗು ಅನ್ನುವುದಿಲ್ಲ, ಅಲ್ವಾ? ದಕ್ಷನ ತಲೆ ಕಡಿಯುವ ಕಥೆಯನ್ನು ಜೋಗುಳದ ದನಿಯಲ್ಲಿ ಹೇಳಲಾಗದು ಅಂತ ನಮ್ಮ ಹಿರಿಯರಿಗೆ ಗೊತ್ತಿತ್ತು. ದೊಡ್ಡಾಟದ ರಕ್ಕಸನ ಪಾತ್ರಧಾರಿಗೂ ಗೊತ್ತಿತ್ತು.

ಸಾವಿನ ಹಾಡಿನ ಬಗ್ಗೆ ಒಂದು ಮಾತು. ನಮ್ಮ ಹಳ್ಳಿಗಳಲ್ಲಿ ಹೆಣದ ಮುಂದೆ ರಾತ್ರಿಯಿಡೀ ಭಜನೆ ಮಾಡುತ್ತಾರೆ. ಮೊಹರಂ ಬಂದರೆ ಹಿಂದೂಗಳೂ ಸೇರಿಕೊಂಡು ಕರ್ಬಲಾದ ಸಾವನ್ನು ರಿವಾಯತ್ ಪದಗಳಲ್ಲಿ ಹಾಡುತ್ತಾರೆ. ಇನ್ನು ಕುಮಾರ ಗಂಧರ್ವರು. ಅವರು ನಮ್ಮ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದವರು, ನಮ್ಮ ರಂಗಮಂದಿರಕ್ಕೆ ಅವರದೇ ಹೆಸರಿದೆ. ಕ್ಷಯ ಬಂದು ವರ್ಷಗಟ್ಟಲೆ ಹಾಡಲಾಗದೆ ಮಲಗಿದ್ದವರು, ಎದ್ದು ಬಂದ ಮೇಲೆ ಉಸಿರು ಸಾಲದ್ದನ್ನೇ ಶೈಲಿ ಮಾಡಿಕೊಂಡರು. ಇದು ಸಂಪ್ರದಾಯವಲ್ಲ ಅಂತ ಆಗ ಮುಖ ಸಿಂಡರಿಸಿದವರೂ ಇದ್ದರು. ಅವರು ಹಾಡಿದ ಕಬೀರನ ನಿರ್ಗುಣಿ ಭಜನೆಗಳಲ್ಲಿ ಪಂಜರ ಬಿಟ್ಟು ಹಾರಿಹೋಗುವ ಹಂಸದ ಮಾತಲ್ಲದೆ ಮತ್ತೇನಿದೆ? ಅವರ ಹೆಸರು ಹಿಡಿದು ಬೇರೆಯವರ ಬಾಯಿ ಮುಚ್ಚಿಸಲು ಹೋಗಬಾರದಿತ್ತು.

ಇನ್ನೊಂದು ತಪ್ಪು. ಡೆತ್ ಮೆಟಲ್ ಅಂದರೆ ಎಲ್ಲಾ ಒಂದೇ ಸದ್ದು ಎಂಬಂತೆ ಬರೆದಿದ್ದಾರೆ. ಸ್ವೀಡನ್ ಒಂದರಲ್ಲೇ ಎರಡು ಘರಾಣೆ ಇವೆ ಸ್ವಾಮಿ. ಸ್ಟಾಕ್‌ಹೋಮಿನದು ಒಂದು. ಅಲ್ಲಿನ ಸನ್‌ಲೈಟ್ ಸ್ಟುಡಿಯೋದಲ್ಲಿ ಟೋಮಾಸ್ ಸ್ಕೋಗ್ಸ್‌ಬೆರಿ ಎಂಬವರು ಎಂಟೂಂಬ್ಡ್ ಬ್ಯಾಂಡಿನ ಹುಡುಗರನ್ನು ಕೂರಿಸಿ 1990ರಲ್ಲಿ ಹೊರಬಂದ ಅವರ ಮೊದಲ ಆಲ್ಬಂ ರೆಕಾರ್ಡ್ ಮಾಡಿದರು. ಗಿಟಾರಿಗೆ ಜಪಾನಿನ ಬಾಸ್ ಕಂಪನಿಯ ಎಚ್‌ಎಂ-2 ಎಂಬ, ಸದ್ದನ್ನು ಒರಟು ಮಾಡುವ ಪೆಡಲ್ ಹಚ್ಚಿ, ಅದರ ನಾಲ್ಕೂ ತಿರುಪುಗಳನ್ನು ಕೊನೆಯ ತನಕ ತಿರುಗಿಸಿಬಿಟ್ಟರು. ಬಂದ ಸದ್ದು ಮರ ಕೊಯ್ಯುವ ಯಂತ್ರದ್ದು. ನಮ್ಮ ಉದ್ಯಮಬಾಗದ ಗ್ರೈಂಡಿಂಗ್ ಶೆಡ್ಡಿನ ಮುಂದೆ ಹಾದುಹೋದವರಿಗೆ ಅದು ಹೊಸದಲ್ಲ. 1991ಕ್ಕೆ ಕಂಪನಿ ಆ ಪೆಡಲ್ ಮಾಡುವುದನ್ನೇ ನಿಲ್ಲಿಸಿತು. ಆಮೇಲೂ ಜನ ಹಳೆಯದನ್ನು ಹುಡುಕಿ ಹುಡುಕಿ ಕೊಳ್ಳುತ್ತಲೇ ಇದ್ದರು, ಕೊನೆಗೆ 2021ರಲ್ಲಿ ಹೊಸದಾಗಿ ಮಾಡಿ ಮಾರಬೇಕಾಯಿತು. ಇನ್ನೊಂದು ಗೋಥೆನ್‌ಬರ್ಗ್ ಘರಾಣೆ. ಆಟ್ ದ ಗೇಟ್ಸ್, ಇನ್ ಫ್ಲೇಮ್ಸ್, ಡಾರ್ಕ್ ಟ್ರಾಂಕ್ವಿಲಿಟಿ. ಅಲ್ಲಿ ರಾಗ ಜಾಸ್ತಿ. ಓಪೆತ್ ಸ್ಟಾಕ್‌ಹೋಮಿನದಾದರೂ ಈ ಎರಡಕ್ಕೂ ಪೂರ್ತಿ ಸೇರದ ಮನೆ. ಪಾಲು ತಗೊಂಡು ಬೇರೆ ಅಡುಗೆ ಹೂಡಿದ ತಮ್ಮನಿದ್ದ ಹಾಗೆ.

ಹಾಗಂತ ಈ ಆಲ್ಬಂ ಪೂರಾ ಚೊಕ್ಕ ಬಂಗಾರ ಅನ್ನುವುದಿಲ್ಲ. ಒಂದೊಂದು ಹಾಡಿನಲ್ಲಿ ಆರೇಳು ತಿರುವು. ಒಂದು ರುಚಿ ನಾಲಿಗೆಗೆ ಹತ್ತುವಷ್ಟರಲ್ಲಿ ತಾಟು ಎತ್ತಿಬಿಡುತ್ತಾರೆ. ಅವಳಿ ಮಕ್ಕಳ ಪಾತ್ರ ತೆಳ್ಳಗಾಯಿತು, ದುರಾಸೆ ಬಿಟ್ಟರೆ ಅವರಿಗೆ ಬೇರೆ ಮುಖವೇ ಇಲ್ಲ. ಹಾಡಿನ ಮಾತುಗಳನ್ನು ಹಾಳೆ ಎದುರಿಗೆ ಇಟ್ಟುಕೊಳ್ಳದೆ ಹಿಡಿಯುವುದು ಕಷ್ಟ. 2019ರ ಆಲ್ಬಂ ಅನ್ನು ಇದೇ ಬ್ಯಾಂಡ್ ಸ್ವೀಡಿಷ್ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಎರಡು ಸಲ ಹಾಡಿ ತಂದಿತ್ತು. ನಾನು ಸ್ವೀಡಿಷ್ ಒಂದಕ್ಷರ ತಿಳಿಯದೆಯೂ ಅದನ್ನೇ ಜಾಸ್ತಿ ಕೇಳಿದ್ದೇನೆ. ತಾಯ್ನುಡಿಯಲ್ಲಿ ಹಾಡುವಾಗ ಮನುಷ್ಯನ ಬಾಯಿ ಬೇರೆ ಥರ ತೆರೆಯುತ್ತದೆ. ಬೆಳಗಾವಿಯವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಈ ಸಲ ಅವರು ಬರೀ ಇಂಗ್ಲಿಷಿಗೆ ಹೋದದ್ದು ನನಗೆ ಸ್ವಲ್ಪ ಬೇಜಾರು.

ಆದರೆ ಕೊಳಲು! ಜೆತ್ರೊ ಟಲ್ ಬ್ಯಾಂಡಿನ ಇಯಾನ್ ಆಂಡರ್ಸನ್ ಬಂದು ಕೊಳಲು ನುಡಿಸಿದ್ದಾರೆ, ನಡುನಡುವೆ ಕಾಗದದ ಮಾತನ್ನೂ ಓದುತ್ತಾರೆ. ಆಲ್ಬಂ ಬಂದಾಗ ಅವರಿಗೆ 77 ವರ್ಷ. ಒಂಟಿ ಕಾಲ ಮೇಲೆ ನಿಂತು ಕೊಳಲೂದುವುದಕ್ಕೇ ಹೆಸರಾದ ಮನುಷ್ಯ, ಸಾಕ್ಷಾತ್ ನಮ್ಮ ಶ್ರೀಕೃಷ್ಣ ಪಾರಿಜಾತ ಆಟದ ಕೃಷ್ಣ. ಕಲಂ 4ರಲ್ಲಿ ಆ ಗುಡುಗಿನ ಪಕ್ಕ ಈ ಕೊಳಲು ಬಂದಾಗ ನನ್ನ ಕೈ ತಾನಾಗಿಯೇ ಹೆಡ್‌ಫೋನಿಗೆ ಹೋಯಿತು, ಗಟ್ಟಿಯಾಗಿ ಒತ್ತಿ ಹಿಡಿದೆ. ಡ್ರಮ್ ನುಡಿಸಿದ ಫಿನ್ಲೆಂಡಿನ ವಾಲ್ಟೆರಿ ವಾಯ್ರುನೆನ್ ಅವರಿಗೆ ಓಪೆತ್ ಜೊತೆ ಇದು ಮೊದಲ ಆಲ್ಬಂ. ಮೊದಲನೆಯದು ಅಂತ ಎಲ್ಲೂ ಅನ್ನಿಸುವುದಿಲ್ಲ.

ವೃತ್ತಿಯ ಚಟಕ್ಕೆ ಒಂದು ಮಾತು ಹೇಳಿಬಿಡುತ್ತೇನೆ, ಸಂಗೀತಕ್ಕೆ ಸಂಬಂಧ ಇಲ್ಲ ಅನ್ನಿಸಿದರೆ ಕತ್ತರಿಸಿ. ಆ ಯಜಮಾನ ನಮ್ಮಲ್ಲಿ ಹುಟ್ಟಿದ್ದರೆ ಅವಳಿಗಳು ನನ್ನವರಲ್ಲ ಅಂತ ಬರೆದು ಪ್ರಯೋಜನವಿರಲಿಲ್ಲ. ಮದುವೆ ನಡೆಯುತ್ತಿರುವಾಗ ಹುಟ್ಟಿದ ಮಕ್ಕಳು ಗಂಡನ ಮಕ್ಕಳೇ ಅಂತ 1872ರ ಸಾಕ್ಷ್ಯ ಕಾಯ್ದೆಯ ಕಲಂ 112 ಹೇಳುತ್ತಿತ್ತು. ಆ ದಿನಗಳಲ್ಲಿ ಗಂಡಹೆಂಡತಿ ಕೂಡಿರಲು ಸಾಧ್ಯವೇ ಇರಲಿಲ್ಲ ಅಂತ ತೋರಿಸದ ಹೊರತು ಅದೇ ಕಟ್ಟು. ಹೊಸ ಕಾಯ್ದೆಯಲ್ಲೂ ಅದು ಹಾಗೇ ಇದೆ. ಆದರೆ ಸ್ವಂತ ದುಡಿಮೆಯ ಆಸ್ತಿಯನ್ನು ಹೊಟ್ಟೆಯ ಮಕ್ಕಳನ್ನೂ ಬಿಟ್ಟು ಯಾರಿಗೆ ಬೇಕಾದರೂ ಬರೆಯಬಹುದು, ಇಬ್ಬರು ಸಾಕ್ಷಿಗಳ ಸಹಿ ಇದ್ದರಾಯಿತು, ರಿಜಿಸ್ಟ್ರಿ ಕೂಡ ಕಡ್ಡಾಯವಿಲ್ಲ. ಸ್ವೀಡನ್ನಿನಲ್ಲಿ ಇದು ಉಲ್ಟಾ. ಅಪ್ಪ ಏನೇ ಬರೆಯಲಿ, ಮಕ್ಕಳಿಗೆ ಸಹಜವಾಗಿ ಬರಬೇಕಾದ ಪಾಲಿನಲ್ಲಿ ಅರ್ಧವನ್ನು ತಪ್ಪಿಸುವಂತಿಲ್ಲ.

ಎಂಟನೇ ಹಾಡಿನ ಬಗ್ಗೆ ಹೇಳುತ್ತೇನೆ ಅಂದಿದ್ದೆ. ಅದಕ್ಕೆ ಕಲಂ ನಂಬರಿಲ್ಲ, ಯಾಕೆಂದರೆ ಅದು ಮೃತ್ಯುಪತ್ರದ ಹೊರಗಿನದು. ಎಲ್ಲಾ ಮುಗಿದು ಹುಡುಗಿ ಮನೆಯ ಒಡತಿ ಆದ ಮೇಲೆ ಅವಳಿಗೆ ಹೆತ್ತವಳಿಂದ ಒಂದು ಕಾಗದ ಬರುತ್ತದೆ. ನೀನೂ ಆ ಮನುಷ್ಯನ ಮಗಳಲ್ಲ ಅಂತ. ಅಷ್ಟು ಗುಡುಗಿದವನಿಗೆ ತನ್ನ ಮನೆಯ ವಿಷಯವೇ ಗೊತ್ತಿರಲಿಲ್ಲ. ಈ ಹಾಡಿನಲ್ಲಿ ಗ್ರೌಲ್ ಇಲ್ಲ. ಮೆತ್ತಗಿನ ದನಿ, ನಿಧಾನದ ಗಿಟಾರ್. ಮುದುಕ ಸುಮ್ಮನಾಗಿದ್ದಾನೆ.

ಇದನ್ನು ಕೇಳಿ ನನಗೆ ನಿದ್ದೆ ಬರಲಿಲ್ಲ. ಯಾಕೆ ಅಂತಲೂ ಬರೆದುಬಿಡುತ್ತೇನೆ, ಹೆಸರು ಹಾಕುವುದಿಲ್ಲವಲ್ಲ.

ನಮ್ಮ ಮನೆಯಲ್ಲೂ ಪೋಲಿಯೊ ಆದ ಒಬ್ಬರಿದ್ದಾರೆ. ನಮ್ಮಪ್ಪನ ತಂಗಿ, ನನ್ನ ಸೋದರತ್ತೆ. ನಾಲ್ಕು ವರ್ಷಕ್ಕೆ ಜ್ವರ ಬಂದು ಎಡಗಾಲು ಹೋಯಿತು. ಮದುವೆಯಾಗಲಿಲ್ಲ. ನಮ್ಮನ್ನೆಲ್ಲ ಸಾಕಿದ್ದು ಅವಳೇ. ಅಜ್ಜನ ಹೆಸರಲ್ಲಿ ಊರಲ್ಲಿ 6 ಎಕರೆ ಹೊಲ ಇತ್ತು. ಅಜ್ಜ ಏನೂ ಬರೆಯದೆ ಸತ್ತಿದ್ದ. ವಾರಸಾ ಹಚ್ಚುವಾಗ ಗಂಡು ಮಕ್ಕಳ ಹೆಸರು ಮಾತ್ರ ಹತ್ತಿದವು. ಇದನ್ನು ಯಾರೂ ಮೋಸ ಅಂದುಕೊಂಡಿರಲಿಲ್ಲ, ಅವಳನ್ನು ನಾವೇ ನೋಡಿಕೊಳ್ಳುತ್ತೇವಲ್ಲ, ಕಾಗದದ ಮೇಲೆ ಹೆಸರು ಯಾತಕ್ಕೆ ಅನ್ನುವ ಲೆಕ್ಕ. 2009ರಲ್ಲಿ ಅಪ್ಪ ಮತ್ತು ಕಾಕಾ ವಾಟ್ನಿ ಮಾಡಿಕೊಳ್ಳಲು ಹೊರಟಾಗ ಕಾಯ್ದೆ ಬದಲಾಗಿತ್ತು, 2005ರ ತಿದ್ದುಪಡಿ ಬಂದಿತ್ತು, ಹೆಣ್ಣುಮಕ್ಕಳ ಸಹಿ ಇಲ್ಲದೆ ಮುಂದೆ ತೊಂದರೆ ಅಂತ ಎಲ್ಲರೂ ಹೇಳಿದರು. ಆಗ ಅತ್ತೆಯಿಂದ ಹಕ್ಕು ಬಿಟ್ಟ ಪತ್ರ ಮಾಡಿಸಿಕೊಂಡರು. ‘ನನ್ನ ಸ್ವಂತ ಖುಷಿಯಿಂದ, ಯಾರ ಒತ್ತಾಯವೂ ಇಲ್ಲದೆ’ ಅಂತ ಅದರಲ್ಲಿದೆ. ಆ ಸಾಲು ಬರೆದವನು ನಾನೇ. ಅವಳು ಓದಲೂ ಇಲ್ಲ. ಎಲ್ಲಿ ಸಹಿ ಮಾಡಲಿ ಅಂತ ಕೇಳಿದಳು, ಬೆರಳಿಟ್ಟು ತೋರಿಸಿದೆ.

ಅದೇ 2009ರಲ್ಲಿ ಓಪೆತ್ ಚೆನ್ನೈಗೆ ಬಂದಿತ್ತು, ಐಐಟಿಯ ಸಾರಂಗ ಉತ್ಸವಕ್ಕೆ. ಗೆಳೆಯರು ನನಗೂ ಸೇರಿಸಿ ರೈಲಿನ ಟಿಕೆಟ್ ತೆಗೆಸಿದ್ದರು. ವಾಟ್ನಿಯ ಓಡಾಟದಲ್ಲಿ ನಾನು ಹೋಗಲಿಲ್ಲ. ಹದಿನೈದು ವರ್ಷ ಅದೇ ದೊಡ್ಡ ನಷ್ಟ ಅಂತ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದ್ದೇನೆ. ಈ ಆಲ್ಬಂ ಕೇಳುವ ತನಕ ಆ ವರ್ಷ ನಡೆದ ಇನ್ನೊಂದು ವಿಷಯದ ನೆನಪೇ ಬಂದಿರಲಿಲ್ಲ.

ಅತ್ತೆಗೆ ಈಗ 71. ಮರುದಿನ ಬೆಳಿಗ್ಗೆ ಮೊಬೈಲಿನಲ್ಲಿ ಕಲಂ 1 ಹಚ್ಚಿ ಅವಳ ಪಕ್ಕ ಇಟ್ಟೆ. ಕುಂದಾ ತಿನ್ನುತ್ತಾ ಸ್ವಲ್ಪ ಹೊತ್ತು ಕೇಳಿದಳು. ‘ಇವಗ ಮೈಯಾಗ ದೇವರು ಬಂದಾವೇನ?’ ಅಂದಳು. ಇಲ್ಲ, ಸತ್ತ ಅಪ್ಪ ಆಸ್ತಿ ಪಾಲು ಹೇಳಾಕತ್ತಾನ ಅಂದೆ. ‘ಹಂಗಾದ್ರ ಖರೇ ಐತಿ ಬಿಡು’ ಅಂದು ಇನ್ನೊಂದು ತುಂಡು ಬಾಯಿಗೆ ಹಾಕಿಕೊಂಡಳು. ನಿಮ್ಮ ಲೇಖಕರಿಗಿಂತ ಅವಳ ಕಿವಿ ಚಲೋ ಇದೆ.

ಹಕ್ಕು ಬಿಟ್ಟ ಪತ್ರ ವಾಪಸ್ ಆಗುವುದಿಲ್ಲ, ಅದು ನನಗೆ ಗೊತ್ತು. ನನ್ನ ಪಾಲಿಗೆ ಬಂದ ಒಂದೂವರೆ ಎಕರೆಯಲ್ಲಿ ಅರ್ಧವನ್ನು ಅವಳ ಹೆಸರಿಗೆ ದಾನಪತ್ರ ಮಾಡಲು ಕಾಗದ ತಯಾರಿಸಿದ್ದೇನೆ. ಯಾತಕ್ಕೋ ಇದೆಲ್ಲ ಅಂತ ಅವಳು ಬೈಯುತ್ತಿದ್ದಾಳೆ. ಮನೆಯಲ್ಲಿ ಇನ್ನೂ ಕೆಲವರು ಬೈಯುತ್ತಿದ್ದಾರೆ, ಅವರ ಕಾರಣ ಬೇರೆ.

ಸಂಪಾದಕರೇ, ನನ್ನದೊಂದು ವಿನಂತಿ. ಪುರವಣಿಯಲ್ಲಿ ಸಿನಿಮಾಗಳಿಗೆ ನಾಲ್ಕು ಕಾಲಂ ಕೊಡುತ್ತೀರಿ, ಒಂದು ಕಾಲಂ ಇಂಥ ಆಲ್ಬಂಗಳಿಗೂ ಕೊಡಿ. ಕೇಳಿ ಬರೆಯುವವರು ಬರೆಯಲಿ, ಬೈದರೂ ಚಿಂತೆಯಿಲ್ಲ. ಆ ಬರಹ ಬರೆದ ಮಹನೀಯರು ಬೆಳಗಾವಿಗೆ ಬಂದರೆ ನನ್ನ ಟೇಬಲ್ಲಿಗೆ ಕಳಿಸಿ. 11ರಿಂದ 5ರ ತನಕ ಅಲ್ಲೇ ಇರುತ್ತೇನೆ, ಒಳ್ಳೆಯ ಹೆಡ್‌ಫೋನ್ ಇದೆ. ಸರ್ವರ್ ಇಲ್ಲದ ದಿನ ಬಂದರೆ ಇನ್ನೂ ಚಲೋ, ಯಾರೂ ಕರೆಯುವುದಿಲ್ಲ, 51 ನಿಮಿಷ ಆರಾಮಾಗಿ ಸಿಗುತ್ತದೆ.

ಇಂತಿ,
ನಿಮ್ಮ ಹಳೆಯ ಓದುಗ
ಶಹಾಪುರ, ಬೆಳಗಾವಿ